ಮೂರು ರಾಜಧಾನಿ, ಮೂರು ರೈಲು: ಒಂದೇ ವಾರಾಂತ್ಯದಲ್ಲಿ ಸುತ್ತಿ ಬರುವುದು ಹೇಗೆ?

ಆಸ್ಟ್ರಿಯಾದ ವಿಯೆನ್ನಾ, ಹಂಗೇರಿಯ ಬುಡಾಪೆಸ್ಟ್, ಸ್ಲೊವಾಕಿಯಾದ ಬ್ರಾಟಿಸ್ಲಾವಾ. ಮೂರು ದೇಶಗಳ ರಾಜಧಾನಿಗಳು. ಮೂರೂ ಡ್ಯಾನ್ಯೂಬ್ ನದಿಯ ದಡದಲ್ಲೇ ಇವೆ. ವಿಯೆನ್ನಾದಿಂದ ಬ್ರಾಟಿಸ್ಲಾವಾಕ್ಕೆ ಹೆಚ್ಚುಕಡಿಮೆ ಬೆಂಗಳೂರು–ತುಮಕೂರಿನಷ್ಟೇ ದೂರ. ಶುಕ್ರವಾರ ಸಂಜೆ ವಿಯೆನ್ನಾದಲ್ಲಿ ರೈಲು ಹತ್ತಿದರೆ, ಭಾನುವಾರ ರಾತ್ರಿ ಊಟದ ಹೊತ್ತಿಗೆ ಮೂರೂ ಊರು ನೋಡಿಕೊಂಡು ಮನೆಗೆ ಬರಬಹುದು.

ಬಹಳ ಜನ ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ. ಹೋಗುವಾಗ ನೇರ ದಾರಿ ಹಿಡಿಯಿರಿ, ಬರುವಾಗ ಬ್ರಾಟಿಸ್ಲಾವಾ ಮೇಲೆ ಬನ್ನಿ. ಮೊದಲ ರೈಲು ಸುಮಾರು 2 ಗಂಟೆ 40 ನಿಮಿಷ, ಎರಡನೆಯದು ಸುಮಾರು ಎರಡೂವರೆ ಗಂಟೆ, ಮೂರನೆಯದು ಒಂದು ಗಂಟೆ. ಆ ಎರಡನೇ ರೈಲಿಗಾಗಿಯೇ ಈ ಸುತ್ತು ಅನ್ನುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕಾಗದಪತ್ರ

ಮೂರೂ ದೇಶಗಳು ಶೆಂಗೆನ್ ಒಪ್ಪಂದದಲ್ಲಿವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿನಲ್ಲಿವೆ. ಹಂಗೇರಿ, ಸ್ಲೊವಾಕಿಯಾ ಸೇರಿದ್ದು 2007ರ ಡಿಸೆಂಬರಿನಲ್ಲಿ. ಹಾಗಾಗಿ ಒಂದೇ ವೀಸಾ ಸಾಕು. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುವ ಮಕ್ಕಳನ್ನು ನೋಡಲು ಬಂದ ಅಪ್ಪ–ಅಮ್ಮಂದಿರು ನಮ್ಮಲ್ಲಿ ಜಾಸ್ತಿ, ಅಲ್ವಾ? ಒಂದೇ ಸಲ ಪ್ರವೇಶದ ಶೆಂಗೆನ್ ವೀಸಾ ಇದ್ದರೂ ಅವರು ಈ ಸುತ್ತು ಹಾಕಬಹುದು. ಒಳಗಿನ ಗಡಿ ದಾಟಿದ್ದು ಹೊಸ ಪ್ರವೇಶ ಅಂತ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪಾಸ್‌ಪೋರ್ಟ್ ಮಾತ್ರ ಅಸಲಿಯೇ ಕೈಯಲ್ಲಿರಲಿ, ಜೆರಾಕ್ಸ್ ನಡೆಯದು. ಗಡಿಯ ಹತ್ತಿರ ಪೊಲೀಸರು ರೈಲು ಹತ್ತಿ ಕೇಳುವುದುಂಟು.

ಟಿಕೆಟ್

ಬೇಗ ಕೊಂಡಷ್ಟೂ ಅಗ್ಗ. ಆಸ್ಟ್ರಿಯಾ ರೈಲ್ವೆಯ ಆ್ಯಪ್‌ನಲ್ಲಿ ‘ಸ್ಪಾರ್‌ಶೀನೆ’ ಅನ್ನುವ ರಿಯಾಯಿತಿ ಟಿಕೆಟ್ ಹುಡುಕಿ. ಅದು ನೀವು ಆರಿಸಿದ ರೈಲಿಗೆ ಮಾತ್ರ ನಡೆಯುತ್ತದೆ, ಮುಂದಿನ ರೈಲಿಗೆ ಹತ್ತುವಂತಿಲ್ಲ. ಬುಡಾಪೆಸ್ಟ್–ಬ್ರಾಟಿಸ್ಲಾವಾ ಟಿಕೆಟ್ಟನ್ನು ಹಂಗೇರಿಯ ಮತ್ತು ಸ್ಲೊವಾಕಿಯಾದ ರೈಲ್ವೆಗಳ ಆ್ಯಪ್‌ಗಳಲ್ಲೂ ನೋಡಿ. ಬೆಲೆ ಬೇರೆ ಬೇರೆ ಇರುತ್ತದೆ.

ಟಿಕೆಟ್ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತಲ್ಲ. ಸೀಟಿಗೆ ಬೇರೆ ದುಡ್ಡು. ಮೊತ್ತ ಸಣ್ಣದು, ಶುಕ್ರವಾರ ಸಂಜೆಗಂತೂ ಖಂಡಿತ ಕೊಡಿ. ಗುಂಪಾಗಿ ಹೋಗುವವರು ‘ರೂಹೆಟ್ಸೋನೆ’, ಅಂದರೆ ಮೌನದ ಬೋಗಿಯಲ್ಲಿ ಸೀಟು ಹಿಡಿಯಬೇಡಿ. ಅಲ್ಲಿ ಫೋನಿನಲ್ಲೂ ಮಾತಾಡುವಂತಿಲ್ಲ.

ರೈಲು ತಡವಾದರೆ ಯೂರೋಪಿಯನ್ ಒಕ್ಕೂಟದ ನಿಯಮ ನಿಮ್ಮ ಪರವಾಗಿದೆ. ಒಂದು ಗಂಟೆ ತಡವಾದರೆ ಟಿಕೆಟ್ ಬೆಲೆಯ ಶೇ 25, ಎರಡು ಗಂಟೆ ದಾಟಿದರೆ ಶೇ 50 ವಾಪಸ್ ಕೇಳಬಹುದು.

ಶುಕ್ರವಾರ ಸಂಜೆ: ಪೂರ್ವದ ಹೆಸರಿನ ಸ್ಟೇಷನ್ನಿಗೆ

ವಿಯೆನ್ನಾದ ಮುಖ್ಯ ನಿಲ್ದಾಣಕ್ಕೆ 20 ನಿಮಿಷ ಮೊದಲೇ ಹೋಗಿ. ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ಯಾವ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆ ಅಂತ ತೋರಿಸುತ್ತಾರೆ. ಅಲ್ಲೇ ನಿಂತರೆ ಓಡಾಟ ತಪ್ಪುತ್ತದೆ. ಊರು ದಾಟಿದ ಮೇಲೆ ಬಯಲು, ಬಯಲಿನ ತುಂಬ ಗಾಳಿಯಂತ್ರಗಳು.

ಬುಡಾಪೆಸ್ಟ್‌ನಲ್ಲಿ ಎರಡು ಹೆಸರು ನೆನಪಿಡಿ. ‘ಕೆಲೆಟಿ’ ಅಂದರೆ ಪೂರ್ವ, ‘ನ್ಯುಗಾಟಿ’ ಅಂದರೆ ಪಶ್ಚಿಮ. ವಿಯೆನ್ನಾ ಇರುವುದು ಪಶ್ಚಿಮಕ್ಕೆ, ಆದರೂ ಅಲ್ಲಿಂದ ಬರುವ ರೈಲು ಸೇರುವುದು ಸಾಮಾನ್ಯವಾಗಿ ಕೆಲೆಟಿಗೆ. ಬ್ರಾಟಿಸ್ಲಾವಾ ಕಡೆಯ ರೈಲುಗಳು ಹೆಚ್ಚಾಗಿ ಹೊರಡುವುದು ನ್ಯುಗಾಟಿಯಿಂದ. ಮೊದಲ ಸಲ ನಾನು ಬಂದಿಳಿದ ಕಡೆಯಿಂದಲೇ ವಾಪಸ್ ರೈಲು ಅಂದುಕೊಂಡು ಕೆಲೆಟಿಯಲ್ಲಿ ಹೋಗಿ ನಿಂತಿದ್ದೆ. ರೈಲು ಹೋಯಿತು, ಅಗ್ಗದ ಟಿಕೆಟ್ಟೂ ಹೋಯಿತು. ಟಿಕೆಟ್ಟಿನಲ್ಲಿ ಬರೆದ ಸ್ಟೇಷನ್ ಹೆಸರನ್ನು ಎರಡು ಸಲ ಓದಿ.

ಕೆಲೆಟಿಯಲ್ಲಿ ಇಳಿದವರು ಹೊರಗೆ ಬಂದು ಒಮ್ಮೆ ತಿರುಗಿ ನೋಡಿ. 1884ರ ಆ ಕಟ್ಟಡದ ಮುಂಭಾಗದಲ್ಲಿ ಜೇಮ್ಸ್ ವಾಟ್ ಮತ್ತು ಜಾರ್ಜ್ ಸ್ಟೀಫನ್‌ಸನ್ ಅವರ ಪ್ರತಿಮೆಗಳಿವೆ. ರೈಲನ್ನು ಸಾಧ್ಯ ಮಾಡಿದವರಿಗೆ ರೈಲು ನಿಲ್ದಾಣದಲ್ಲೇ ಜಾಗ ಕೊಟ್ಟಿದ್ದಾರೆ. ನನಗೆ ಇದು ಬಹಳ ಇಷ್ಟ.

ಶನಿವಾರ ಪೂರ್ತಿ ಬುಡಾಪೆಸ್ಟ್‌ಗೆ

ಇಲ್ಲಿ ಯೂರೋ ಅಲ್ಲ, ಫೋರಿಂಟ್. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ. ಮಷೀನು ‘ಯಾವ ಹಣದಲ್ಲಿ ಕೊಡುತ್ತೀರಿ’ ಅಂತ ಕೇಳಿದರೆ ಫೋರಿಂಟನ್ನೇ ಒತ್ತಿ. ಬೇರೆ ಹಣ ಆರಿಸಿದರೆ ಸುಮ್ನೆ ನಷ್ಟ. ಮೆಟ್ರೋದ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. 24 ಗಂಟೆಯ ಪಾಸ್ ತಗೊಂಡರೆ ಆ ಚಿಂತೆಯೇ ಇಲ್ಲ.

ಬೆಳಿಗ್ಗೆ 1849ರ ಸರಪಳಿ ಸೇತುವೆಯನ್ನು ನಡೆದೇ ದಾಟಿ. ಬುಡಾ ಒಂದು ದಡ, ಪೆಸ್ಟ್ ಇನ್ನೊಂದು ದಡ. 1873ರಲ್ಲಿ ಇವೆರಡೂ ಪಕ್ಕದ ಓಬುಡಾ ಜೊತೆ ಸೇರಿ ಒಂದು ಊರಾದವು. ಆಮೇಲೆ 1896ರ ಹಳೆಯ ಮೆಟ್ರೋ ಹತ್ತಿ ಸೆಚೆನಿ ಬಿಸಿನೀರಿನ ಸ್ನಾನಗೃಹಕ್ಕೆ ಹೋಗಿ. ಈಜುಡುಪು, ಟವೆಲ್, ಚಪ್ಪಲಿ ಮನೆಯಿಂದಲೇ ಒಯ್ಯಿರಿ.

ಸಸ್ಯಾಹಾರಿಗಳಿಗೆ ‘ಲಾಂಗೋಶ್’ ಇದೆ. ಎಣ್ಣೆಯಲ್ಲಿ ಕರಿದ ದೊಡ್ಡ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ಹಂಗೇರಿಯಲ್ಲಿ ‘ಹೂಶ್ ನೇಲ್ಕೂಲ್’, ಸ್ಲೊವಾಕಿಯಾದಲ್ಲಿ ‘ಬೆಜ್ ಮೇಸಾ’ ಅಂದರೆ ಮಾಂಸ ಬೇಡ ಅಂತ ಅರ್ಥ.

ಭಾನುವಾರ ಬೆಳಿಗ್ಗೆ: ಎಡಗಡೆಯ ಕಿಟಕಿ

ಈ ರೈಲನ್ನು ಹಗಲಲ್ಲೇ ಹಿಡಿಯಬೇಕು. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ಆದ್ದರಿಂದ ಬೆಳಿಗ್ಗೆ ಒಂಬತ್ತು–ಹತ್ತರ ಹೊತ್ತಿನ ರೈಲು ನೋಡಿ. ಸೀಟು ರೈಲು ಹೋಗುವ ದಿಕ್ಕಿಗೆ ಎಡಗಡೆ ಇರಲಿ. ಕಾದಿರಿಸಿದ್ದು ಬಲಗಡೆ ಸಿಕ್ಕಿದರೆ ಎದ್ದು ಓಣಿಯಲ್ಲಿ ನಿಂತಾದರೂ ನೋಡಿ.

ವಾಟ್ಸ್ ಎಂಬ ಊರು ದಾಟಿದ ಮೇಲೆ ಹಳಿ ಪಶ್ಚಿಮಕ್ಕೆ ತಿರುಗಿ ನದಿಯ ಜೊತೆಗೇ ಸಾಗುತ್ತದೆ. ಡ್ಯಾನ್ಯೂಬ್ ಗುಡ್ಡಗಳ ನಡುವೆ ಬಳಸಿಕೊಂಡು ಬರುವ ಜಾಗ ಇದು. ಆಚೆ ದಡದ ಬೆಟ್ಟದ ನೆತ್ತಿಯಲ್ಲಿ ವಿಶೆಗ್ರಾಡ್ ಕೋಟೆ ಕಾಣುತ್ತದೆ. ಸೋಬ್ ದಾಟಿದರೆ ಹಂಗೇರಿ ಮುಗಿಯಿತು. ಸ್ಲೊವಾಕಿಯಾದ ಶ್ಟೂರೊವೊ ಹತ್ತಿರ ಬಂದಾಗ ಆಚೆ ದಡದಲ್ಲಿ ಎಸ್ಟರ್‌ಗೊಮ್ ಚರ್ಚಿನ ಗುಮ್ಮಟ. ಆಗ ನೀವಿರುವುದು ಒಂದು ದೇಶದಲ್ಲಿ, ನೋಡುತ್ತಿರುವುದು ಇನ್ನೊಂದು ದೇಶವನ್ನು. ನಡುವೆ ನದಿ ಮಾತ್ರ. ವಿಮಾನದಲ್ಲಿ ಬಂದವರಿಗೆ ಇದು ಸಿಗುವುದಿಲ್ಲ.

ಬ್ರಾಟಿಸ್ಲಾವಾ, ಮತ್ತೆ ವಿಯೆನ್ನಾ

ಐದಾರು ಗಂಟೆ ಸಾಕು. ಸಾಮಾನನ್ನು ಸ್ಟೇಷನ್ನಿನಲ್ಲಿ ಇಟ್ಟು, ಟ್ರಾಮ್ ಹಿಡಿದು ಹಳೇ ಊರಿಗೆ ಹೋಗಿ. ಇಲ್ಲಿ ಮತ್ತೆ ಯೂರೋ. ಸೇಂಟ್ ಮಾರ್ಟಿನ್ ಚರ್ಚನ್ನು ತಪ್ಪಿಸಬೇಡಿ. 1563ರಿಂದ 1830ರವರೆಗೆ ಹಂಗೇರಿಯ ದೊರೆಗಳಿಗೆ ಪಟ್ಟ ಕಟ್ಟಿದ್ದು ಇಲ್ಲೇ. ಊಟಕ್ಕೆ ‘ಹಲುಶ್ಕಿ’, ಆಲೂಗಡ್ಡೆ ಹಿಟ್ಟಿನ ಸಣ್ಣ ಉಂಡೆಗಳು, ಕುರಿ ಹಾಲಿನ ಚೀಸ್ ಜೊತೆ. ಮೇಲೆ ಹಂದಿಮಾಂಸದ ಚೂರು ಹಾಕುತ್ತಾರೆ, ಬೇಡದವರು ಮೊದಲೇ ಹೇಳಿ.

ಸಂಜೆ ವಿಯೆನ್ನಾ ರೈಲು ಊರಿನ ಎರಡು ಸ್ಟೇಷನ್ನುಗಳಿಂದ ಹೊರಡುತ್ತದೆ. ಒಂದು ಮುಖ್ಯ ನಿಲ್ದಾಣ, ಇನ್ನೊಂದು ನದಿಯಾಚೆಯ ಪೆಟ್ರ್‌ಜಾಲ್ಕಾ. ಇಲ್ಲೂ ಟಿಕೆಟ್ ಓದಿ ಹೋಗಿ. ಸ್ಲೊವಾಕ್ ಭಾಷೆಯಲ್ಲಿ ವಿಯೆನ್ನಾಕ್ಕೆ ‘ವಿಯೆಡೆನ್’ ಅನ್ನುತ್ತಾರೆ, ಕೂಗಿದಾಗ ಗಾಬರಿಯಾಗಬೇಡಿ. ಭಾನುವಾರ ವಿಯೆನ್ನಾದಲ್ಲಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಮುಖ್ಯ ನಿಲ್ದಾಣದ ಒಳಗಿನ ಸೂಪರ್ ಮಾರ್ಕೆಟ್ ತೆರೆದಿರುತ್ತದೆ. ಸೋಮವಾರದ ಕಾಫಿಗೆ ಹಾಲು ಬೇಕಾದರೆ ಅಲ್ಲೇ ತಗೊಂಡು ಹೊರಡಿ.