ಸ್ಲೋಡ್ ರಿವರ್ಬ್ ಎಡಿಟ್: 0.841 ಯಾಕೆ, ರಿವರ್ಬ್ ಎಷ್ಟು

ಹಾಡನ್ನು ಮೂಲ ವೇಗದ 0.75 ಪಟ್ಟಿಗೆ ಎಳೆದು ಮೇಲೆ ಧಾರಾಳವಾಗಿ ರಿವರ್ಬ್ (ಮಾರ್ದನಿ) ಸುರಿದರೆ ಸ್ಲೋಡ್ ಎಡಿಟ್, ಅಂದರೆ ನಿಧಾನಗೊಳಿಸಿದ ಹಾಡು, ಆಯಿತು ಅಂದುಕೊಳ್ಳುವವರೇ ಹೆಚ್ಚು. ನಾನು ಆಡಾಸಿಟಿ ಎಂಬ ಉಚಿತ ಆಡಿಯೊ ಎಡಿಟಿಂಗ್ ತಂತ್ರಾಂಶದಲ್ಲಿ ಸಾಮಾನ್ಯವಾಗಿ 0.841ಕ್ಕೆ ನಿಲ್ಲಿಸುತ್ತೇನೆ. ಅಷ್ಟಕ್ಕೆ ಶ್ರುತಿ ಸರಿಯಾಗಿ ಮೂರು ಸೆಮಿಟೋನ್ (ಕೀಬೋರ್ಡ್‌ನಲ್ಲಿ ಪಕ್ಕಪಕ್ಕದ ಮೂರು ಮನೆ) ಇಳಿಯುತ್ತದೆ. 0.85 ಕೊಟ್ಟರೆ 2.8, ಬರೀ ಕೇಳುವಾಗ ಗೊತ್ತಾಗುವುದಿಲ್ಲ, ಆದರೆ ಮೇಲೊಂದು ಕೀಬೋರ್ಡ್ ಪ್ಯಾಡ್ (ಹಿನ್ನೆಲೆಯ ದೀರ್ಘ ನಾದ) ಸೇರಿಸಲು ಹೋದರೆ ಅಪಶ್ರುತಿ ಎದ್ದು ಕೇಳುತ್ತದೆ. ನಾಲ್ಕು ನಿಮಿಷದ ಹಾಡು ಈ ಲೆಕ್ಕದಲ್ಲಿ 4:45 ಆಗುತ್ತದೆ.

ಬಳಸಬೇಕಾದ್ದು ಚೇಂಜ್ ಸ್ಪೀಡ್ (ಹೊಸ ಆವೃತ್ತಿಗಳಲ್ಲಿ ಚೇಂಜ್ ಸ್ಪೀಡ್ ಅಂಡ್ ಪಿಚ್), ಚೇಂಜ್ ಟೆಂಪೊ ಅಲ್ಲ. ಟೆಂಪೊ ಶ್ರುತಿಯನ್ನು ಹಾಗೇ ಉಳಿಸಲು ಧ್ವನಿಯನ್ನು ಚೂರು ಮಾಡಿ ಹೊಲಿಯುತ್ತದೆ. ತಬಲಾದ ಒಂದು ಪೆಟ್ಟು ಎರಡಾಗಿ ತೊದಲುತ್ತದೆ. ಅಮೆರಿಕದ ಹ್ಯೂಸ್ಟನ್‌ನ ಡಿಜೆ ಸ್ಕ್ರೂ 1990ರ ದಶಕದಲ್ಲಿ ರೆಕಾರ್ಡ್‌ಗಳನ್ನು ನಿಧಾನಗೊಳಿಸಿ ಕ್ಯಾಸೆಟ್ ಮಾಡುತ್ತಿದ್ದ ಕಾಲದಿಂದಲೂ ವೇಗದ ಜೊತೆ ಶ್ರುತಿಯೂ ಇಳಿಯುವುದೇ ಈ ಶೈಲಿಯ ಮಜಾ.

ಹೆಚ್ಚಿನ ಎಡಿಟ್‌ಗಳು ಕೆಡುವುದು ಮೂಲ ಫೈಲ್‌ನಲ್ಲೇ. 128 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 16 ಕಿಲೋಹರ್ಟ್ಸ್ ಮೇಲಿನದೆಲ್ಲ ಕತ್ತರಿಸಿರುತ್ತದೆ. 0.8ಕ್ಕೆ ಇಳಿಸಿದಾಗ ಆ ಗಡಿ 12.8ಕ್ಕೆ ಬಂದು ಹಾಡು ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಈಕ್ವಲೈಜರ್‌ನಲ್ಲಿ ಟ್ರೆಬಲ್ ಏರಿಸಿ ಪ್ರಯೋಜನವಿಲ್ಲ, ಏರಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಏನೂ ಕತ್ತರಿಸದ ಫ್ಲ್ಯಾಕ್ ಅಥವಾ ವೇವ್ ಫೈಲ್ ಹುಡುಕಿ.

ರಿವರ್ಬ್ ಯಾವಾಗಲೂ ವೇಗ ಇಳಿಸಿದ ಮೇಲೆ. ಮೊದಲೇ ಹಾಕಿದರೆ ಅದರ ಬಾಲವೂ ಉದ್ದವಾಗಿ ಎಳೆದುಕೊಳ್ಳುತ್ತದೆ. ರಿವರ್ಬ್‌ಗೆ ಮೊದಲು ಆಂಪ್ಲಿಫೈನಲ್ಲಿ 6 ಡೆಸಿಬೆಲ್ ಇಳಿಸಿ, ಹಾಡಿನ ಕೊನೆಗೆ ಐದು ಸೆಕೆಂಡ್ ಮೌನ ಸೇರಿಸುತ್ತೇನೆ. ಇಲ್ಲದಿದ್ದರೆ ಕೊನೆಯ ಗುಂಗು ಕತ್ತರಿಸಿದಂತೆ ನಿಲ್ಲುತ್ತದೆ. ಆಮೇಲೆ ರೂಮ್ ಸೈಜ್ 75, ಪ್ರೀ-ಡಿಲೇ 20 ಮಿಲಿಸೆಕೆಂಡ್, ರಿವರ್ಬರೆನ್ಸ್ 50, ಡ್ಯಾಂಪಿಂಗ್ 50, ಟೋನ್ ಲೋ 40, ಟೋನ್ ಹೈ 80, ವೆಟ್ ಗೇನ್ (ಮಾರ್ದನಿಯ ಮಟ್ಟ) -9, ಡ್ರೈ ಗೇನ್ (ಮೂಲ ಹಾಡಿನ ಮಟ್ಟ) -1. ಇದರಲ್ಲಿ ಮುಖ್ಯವಾದದ್ದು ಟೋನ್ ಲೋ. ಅದನ್ನು 100ರಲ್ಲೇ ಬಿಟ್ಟರೆ ಬೇಸ್ ಕೂಡ ಮಾರ್ದನಿಸಿ ಎಲ್ಲ ರಾಡಿಯಾಗುತ್ತದೆ. ಪ್ರೀ-ಡಿಲೇ, ಅಂದರೆ ಮಾರ್ದನಿ ಶುರುವಾಗುವ ಮುಂಚಿನ ಬಿಡುವು, ಇರುವುದು ಸಾಹಿತ್ಯ ಕೇಳಿಸಲಿ ಅಂತ. ಪ್ರಾಸಕ್ಕೆ ಪ್ರಾಸ ಹೆಣೆದ ಕನ್ನಡ ಹಾಡಿನಲ್ಲಿ ಪದವೇ ಕೇಳದಿದ್ದರೆ ಮತ್ತೇನು ಕೇಳುವುದು? ಕೊನೆಗೆ ನಾರ್ಮಲೈಸ್ ಮಾಡಿ ಹಾಡಿನ ಅತಿ ಜೋರಾದ ಜಾಗವನ್ನು -1 ಡೆಸಿಬೆಲ್‌ಗೆ ತರುತ್ತೇನೆ.

ಮುಗಿದ ಫೈಲನ್ನು ಫೋನ್ ಸ್ಪೀಕರ್‌ನಲ್ಲೂ ಕೇಳಿ. 50 ಹರ್ಟ್ಸ್‌ನ ಕಿಕ್ (ಡ್ರಮ್ಸ್‌ನ ದಪ್ಪ ಪೆಟ್ಟು) ಈಗ 42ರಲ್ಲಿದೆ, ಫೋನ್ ಸ್ಪೀಕರ್‌ನಲ್ಲಿ ಅದು ಕೇಳುವುದೇ ಇಲ್ಲ. ಕಿಕ್‌ನ ಮೇಲಿನ ಆವರ್ತನಗಳನ್ನು ಸ್ವಲ್ಪ ಏರಿಸಿದರೆ ತಕ್ಕಮಟ್ಟಿಗೆ ಸರಿಹೋಗುತ್ತದೆ.

ಇದಕ್ಕೆ ಉಲ್ಟಾ, ವೇಗ ಹೆಚ್ಚಿಸುವ ಸ್ಪೆಡ್ ಅಪ್ ಎಡಿಟ್‌ಗೆ 1.189 ಅಥವಾ 1.26, ಅಂದರೆ ಮೂರು ಅಥವಾ ನಾಲ್ಕು ಸೆಮಿಟೋನ್ ಮೇಲೆ. ರಿವರ್ಬ್ ಬೇಡ. ಇಲ್ಲಿ ಕಾಡುವುದು ಸಕಾರ, ಶಕಾರಗಳು: 7 ಕಿಲೋಹರ್ಟ್ಸ್‌ನ ಸೀಟಿ 8.8ಕ್ಕೆ ಏರಿ ಇಯರ್‌ಫೋನ್‌ನಲ್ಲಿ ಕಿವಿಗೆ ಚುಚ್ಚುತ್ತದೆ. ಅಲ್ಲಿ ಮೂರ್ನಾಲ್ಕು ಡೆಸಿಬೆಲ್ ತಗ್ಗಿಸಿ. ಹೆಣ್ಣು ದನಿಯನ್ನು 1.26ಕ್ಕೆ ಏರಿಸಿದರೆ ಕಾರ್ಟೂನ್ ಆಗುತ್ತದೆ, ಗಂಡು ದನಿ ತಡೆದುಕೊಳ್ಳುತ್ತದೆ.

ವೇಗ ಬದಲಿಸಿದ ಮಾತ್ರಕ್ಕೆ ಹಾಡಿನ ಹಕ್ಕು ನಿಮ್ಮದಾಗುವುದಿಲ್ಲ. ಹಕ್ಕುಸ್ವಾಮ್ಯದ ಹಾಡುಗಳನ್ನು ತಾನಾಗಿ ಪತ್ತೆಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಇಂಥವನ್ನೂ ಎಷ್ಟೋ ಸಲ ಹಿಡಿಯುತ್ತದೆ; ಜಾಹೀರಾತಿನ ಹಣ ಆಡಿಯೊ ಕಂಪನಿಗೆ ಹೋಗಬಹುದು, ವಿಡಿಯೊವೇ ಬ್ಲಾಕ್ ಆಗಲೂಬಹುದು.