ಅಪ್ಪನ ಟಂಟಂ, ಮಗನ ಓದು

ನಾಲ್ಕನೇ ತರಗತಿಯ ಆ ಹುಡುಗ ಕನ್ನಡ ಪುಸ್ತಕ ಹಿಡಿದರೆ ಗಡಗಡ ಓದುತ್ತಿದ್ದ. ಒಂದು ದಿನ ಹತ್ತಿರ ಹೋಗಿ ನೋಡಿದೆ. ತೆರೆದಿದ್ದ ಪುಟವೇ ಬೇರೆ, ಬಾಯಲ್ಲಿ ಬರುತ್ತಿದ್ದ ಪಾಠವೇ ಬೇರೆ. ಉಳಿದವರು ಓದುವುದನ್ನು ಕೇಳಿ ಕೇಳಿಯೇ ಪೂರ್ತಿ ಬಾಯಿಪಾಠ ಮಾಡಿದ್ದ. ಹಲಗೆಯ ಮೇಲೆ ‘ಬೆಕ್ಕು’ ಅಂತ ಬರೆದೆ. ಬಹಳ ಹೊತ್ತು ನೋಡಿ ‘ಬೇಕು’ ಅಂದ.

ಗದಗ ತಾಲ್ಲೂಕಿನಲ್ಲಿ, ಲಕ್ಕುಂಡಿ ರಸ್ತೆಯ ಒಂದು ಹಳ್ಳಿಯ ಸರಕಾರಿ ಶಾಲೆ ನನ್ನದು. ನಾನು ಮೊದಲು ಮಾಡಿದ್ದು ತಪ್ಪು. ತಪ್ಪಾದ ಪದವನ್ನು ಹತ್ತು ಸಲ ಬರೆದುಕೊಂಡು ಬಾ ಅಂದೆ. ಹತ್ತೂ ಸಲ ಬರೆದು ತಂದ, ಅದರಲ್ಲಿ ನಾಲ್ಕೈದು ಬೇರೆ ಬೇರೆ ರೂಪ ಇದ್ದವು. ಸೋಮಾರಿ ಹುಡುಗ ಹತ್ತು ಸಲ ಬರೆಯುವುದೇ ಇಲ್ಲ, ಅಲ್ವಾ? ಅವನು ರಾತ್ರಿ ನಿದ್ದೆಗೆಟ್ಟು ಬರೆದಿದ್ದ. ಅದು ತಿಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಗದಗಿನಲ್ಲಿ ಕಣ್ಣು, ಕಿವಿ ತೋರಿಸಿದೆವು. ಎರಡೂ ಸರಿ ಇದ್ದವು. ನಮ್ಮ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರು, ಬಂದು ನೋಡಿ, ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಅಂದರು. ಕೆಲಸ ಅಲ್ಲೇ ನಿಂತಿತು. ಅದು ಮನಸ್ಸಿನ ಕಾಯಿಲೆಯ ದವಾಖಾನೆ ಅಂತ ಎಲ್ಲರಿಗೂ ಗೊತ್ತು. ಹುಡುಗನ ತಾಯಿ ಕಣ್ಣೀರು ಹಾಕಿದರು: “ನನ್ನ ಮಗ ಹುಚ್ಚ ಅಲ್ರಿ ಅಕ್ಕೋರ.”

ಮೂರು ಸಲ ಅವರ ಮನೆಗೆ ಹೋದೆ. ತಂದೆ ಟಂಟಂ ಓಡಿಸುತ್ತಾರೆ. ಮೊದಲೆರಡು ಸಲ ಅವರು ಮಾತೇ ಆಡಲಿಲ್ಲ. ಮೂರನೇ ಸಲ ನನ್ನನ್ನು ಬಸ್‌ಸ್ಟಾಪಿನ ತನಕ ಬಿಡಲು ಬಂದವರು ದಾರಿಯಲ್ಲಿ ಗಾಡಿ ನಿಲ್ಲಿಸಿದರು. “ನನಗೂ ಹಿಂಗ ಆಗ್ತಿತ್ರಿ. ಅಕ್ಷರ ಒಂದಕ್ಕೊಂದು ಅಂಟ್ಕೊಂಡಂಗ ಕಾಣ್ತಿದ್ದು. ಹೊಡತ ತಾಳ್ಲಾರದ ಐದನೇತ್ತಾ ಇದ್ದಾಗ ಸಾಲಿ ಬಿಟ್ಟೆ. ಇದನ್ನ ಮನ್ಯಾಗೂ ಹೇಳಿಲ್ರಿ.” ಇಷ್ಟು ವರ್ಷ ಬೋರ್ಡುಗಳನ್ನು ಬಣ್ಣದಿಂದ, ಉದ್ದದಿಂದ ಗುರುತು ಹಿಡಿಯುತ್ತಿದ್ದರಂತೆ. ಇಡೀ ದಿನದ ಬಾಡಿಗೆ ಲೆಕ್ಕ ಮಾತ್ರ ಬಾಯಲ್ಲೇ, ಒಂದು ರೂಪಾಯಿ ತಪ್ಪಿಲ್ಲದೆ.

ಇದು ಡಿಸ್ಲೆಕ್ಸಿಯಾ, ಅಂದರೆ ಓದು ಬರಹದಲ್ಲಿ ತೊಡಕಾಗುವ ಕಲಿಕಾ ನ್ಯೂನತೆ, ಇರಬಹುದು, ಅದು ಮನೆತನದಲ್ಲಿ ಬರಬಹುದು, ಅದಕ್ಕೂ ಬುದ್ಧಿಗೂ ಸಂಬಂಧ ಇಲ್ಲ ಅಂತ ಹೇಳಿದೆ. ನನ್ನ ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು, ಅವರು ಅವತ್ತು ರಾತ್ರಿ ಹೆಂಡತಿಗೆ ಹೇಳಿದ ಮಾತು. ಮುಂದಿನ ವಾರ ಬಾಡಿಗೆ ಬಿಟ್ಟು ಅವರೇ ಮಗನನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು. ಪರೀಕ್ಷೆಯಲ್ಲಿ ಡಿಸ್ಲೆಕ್ಸಿಯಾ ಅಂತ ಖಚಿತವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯ ಕೇಳಬಹುದು.

ಆಮೇಲೆ ನಾನು ಮನೆಯವರಿಗೆ ಹೇಳಿದ ಮೊದಲ ಮಾತು: ಮನೆಯಲ್ಲಿ ಅವನಿಗೆ ಪಾಠ ಓದಿಸಬೇಡಿ. ತಾಯಿ ಗಾಬರಿಯಾದರು. ಆದರೆ ನನಗೆ ಇದು ಖಾತ್ರಿ. ದಿನವಿಡೀ ಶಾಲೆಯಲ್ಲಿ ಸೋತು ಬಂದ ಮಗು ಮನೆಯಲ್ಲೂ ಸೋಲಬಾರದು. ಕಲಿಸುವುದು ನನ್ನ ಕೆಲಸ. ಮನೆಯವರದು ಬೇರೆ. ತಾಯಿ ರಾತ್ರಿ ಶೇಂಗಾ ಸುಲಿಯುತ್ತಾ ಕಥೆ ಹೇಳುತ್ತಿದ್ದರು, ನಡುವೆ ಒಂದೊಂದು ಪದ ಹಿಡಿದು ಚಪ್ಪಾಳೆಯಲ್ಲಿ ಒಡೆಸುತ್ತಿದ್ದರು. ಲ, ಕ್ಕುಂ, ಡಿ: ಮೂರು ಚಪ್ಪಾಳೆ. ಪುಸ್ತಕ ಬೇಡ, ಅಕ್ಷರವೂ ಬೇಡ, ಸುಮ್ನೆ ಕಿವಿಯ ಆಟ. ತಂದೆಗೆ ದಿನಕ್ಕೆ ಒಂದೇ ಬೋರ್ಡು. ಟಂಟಂನಲ್ಲಿ ಮಗನನ್ನು ಮುಂದೆ ಕೂಡಿಸಿಕೊಂಡು ಹುಲಕೋಟಿ, ಬೆಟಗೇರಿ, ಮುಂಡರಗಿ ಅಂತ ಒಂದೊಂದಾಗಿ ನೋಡುವುದು. ತಪ್ಪಾದರೆ ಬಯ್ಯುವಂತಿಲ್ಲ.

ಇನ್ನೊಂದು ಕೆಲಸ ಊರಿನಲ್ಲಿತ್ತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತವರು ಅವನ ಕೈಗೆ ಪೇಪರ್ ಕೊಟ್ಟು “ಓದಪಾ ನೋಡೂಣು” ಅಂತ ನಗುತ್ತಿದ್ದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಜೊತೆಗೆ ಕರೆದುಕೊಂಡು ಹೋಗಿ, ಇದು ಏನು, ಯಾಕೆ ಅಂತ ಬಿಡಿಸಿ ಹೇಳಿದೆ. ಅಲ್ಲಿದ್ದ ಒಬ್ಬ ಹಿರಿಯರು ಭಜನಾ ಮೇಳ ನಡೆಸುತ್ತಾರೆ. “ಆ ಹುಡುಗಗ ನಮ್ಮ ಪದ ಎಲ್ಲಾ ಬರ್ತಾವಲ್ರಿ!” ಅಂದರು. ನನಗೆ ಗೊತ್ತೇ ಇರಲಿಲ್ಲ. ಸೋಮವಾರದ ಭಜನೆಯಲ್ಲಿ ಅವನ ಕೈಗೆ ತಾಳ ಬಂತು.

ಅಲ್ಲಿಂದ ನನಗೂ ದಾರಿ ಸಿಕ್ಕಿತು. ಅವನಿಗೆ ಬರುವ ಭಜನೆಯ ಹಾಡುಗಳನ್ನೇ ದೊಡ್ಡ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಬರೆದೆ. ಹಾಡುತ್ತಾ ಬೆರಳಿಟ್ಟು ನಡೆಯುತ್ತಿದ್ದ. ಆದರೆ ಅವನ ನೆನಪು ಬಲು ಗಟ್ಟಿ, ನೋಡದೆಯೇ ಹಾಡಿಬಿಡುತ್ತಾನೆ. ಅದಕ್ಕೆ ಮರುದಿನ ಅದೇ ಸಾಲಿನ ಪದಗಳನ್ನು ಕತ್ತರಿಸಿ, ಹಿಂದುಮುಂದು ಮಾಡಿ ಇಡುತ್ತಿದ್ದೆ. ಆಗ ನಿಜವಾದ ಓದು ಶುರು.

ನಾವು ಅಕ್ಷರ 49 ಅಂತ ಸುಲಭವಾಗಿ ಹೇಳುತ್ತೇವೆ. 34 ವ್ಯಂಜನಕ್ಕೂ ಕಾಗುಣಿತ, ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ಇಂಥ ಮಗುವಿನ ಕಣ್ಣು ಎಷ್ಟು ಕಡೆ ಓಡಬೇಕು! ಒತ್ತನ್ನು ಕೆಂಪು ಬಣ್ಣದಲ್ಲಿ ಬರೆದೆ. ತಟ್ಟೆಯಲ್ಲಿ ಉಸುಕು ಹರಡಿ, ಸದ್ದು ಹೇಳುತ್ತಾ ಬೆರಳಲ್ಲಿ ತಿದ್ದಿಸಿದೆ. ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕೊರೆದು ಪುಟದ ಮೇಲೆ ಇಟ್ಟೆ, ಉಳಿದ ಸಾಲು ಕಾಣಬಾರದು ಅಂತ. ದಿನಕ್ಕೆ ಇಪ್ಪತ್ತು ನಿಮಿಷ, ಜಾಸ್ತಿ ಇಲ್ಲ. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ನಾನೇ ಕೈಚೆಲ್ಲುವಂತಾದ ದಿನ ಅವನ ತಾಯಿ ಶಾಲೆಗೆ ಬಂದು, ರಾತ್ರಿ ಮಗ ತಾನೇ ಎಂಟು ಪದ ಒಡೆದ ಅಂತ ಹೇಳಿ ಹೋದರು.

ಈಗ ಆರನೇ ತರಗತಿ. ಓದು ಇನ್ನೂ ನಿಧಾನ. ಆದರೆ ತೆರೆದ ಪುಟವನ್ನೇ ಓದುತ್ತಾನೆ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ಏಳನೇ ತರಗತಿಯ ಹುಡುಗಿಯೊಬ್ಬಳಿಂದ ದೊಡ್ಡ ಕಥೆ ಓದಿಸಿಕೊಂಡು ಕೇಳುತ್ತಾನೆ, ಸಣ್ಣದನ್ನು ಅವಳಿಗೆ ಓದಿ ಹೇಳುತ್ತಾನೆ.

ಕಳೆದ ತಿಂಗಳು ಅವನ ತಂದೆ ಶಾಲೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, “ಆ ಕೆಂಪು ಒತ್ತಿನ ಹಾಳಿ ನನಗೂ ಒಂದು ಕೊಡ್ರಿ ಅಕ್ಕೋರ” ಅಂದರು. ಆವತ್ತಿನಿಂದ ಎರಡೆರಡು ಬರೆಯುತ್ತಿದ್ದೇನೆ. ಅಪ್ಪ ಮಗ ಇಬ್ಬರಿಗೂ ಅರ್ಕಾವೊತ್ತು ಇನ್ನೂ ತೊಡಕು. ಅಕ್ಷರದ ನಂತರ ಬರೆಯುವ ‘ರ್’ ಸದ್ದನ್ನು ಆ ಅಕ್ಷರಕ್ಕಿಂತ ಮೊದಲೇ ಉಚ್ಚರಿಸಬೇಕಲ್ಲ. ಈ ಸೋಮವಾರ ‘ಸೂರ್ಯ’ ಪದದಿಂದ ಶುರು ಮಾಡುತ್ತೇವೆ.