ಕೀಲಿಕೈ ಯಾರ ಬಳಿ ಇದೆ? ಕ್ಲೌಡ್‌ನಲ್ಲಿ ಕಡತಗಳನ್ನು ಗೂಢಲಿಪಿಯಲ್ಲಿ ಇಡುವ ಬಗೆ

ಕ್ಲೌಡ್ ಸೇವೆ ಒದಗಿಸುವ ಹೆಚ್ಚುಕಡಿಮೆ ಎಲ್ಲ ಸಂಸ್ಥೆಗಳೂ ತಮ್ಮಲ್ಲಿರುವ ಕಡತಗಳು ಎನ್‌ಕ್ರಿಪ್ಟ್ ಆಗಿರುತ್ತವೆ ಎಂದು ಹೇಳಿಕೊಳ್ಳುತ್ತವೆ, ಆ ಮಾತು ಸುಳ್ಳೂ ಅಲ್ಲ. ಕಡತ ನಿಮ್ಮ ಕಂಪ್ಯೂಟರಿನಿಂದ ಸರ್ವರ್‌ಗೆ ಸಾಗುವಾಗಲೂ ಅಲ್ಲಿನ ಡಿಸ್ಕಿನಲ್ಲಿ ಇರುವಾಗಲೂ ಗೂಢಲಿಪಿಯಲ್ಲೇ ಇರುತ್ತದೆ. ಆದರೆ ಅದನ್ನು ಬಿಡಿಸುವ ಕೀಲಿಕೈಯೂ ಅದೇ ಸಂಸ್ಥೆಯ ಬಳಿ ಇದ್ದರೆ, ಒಳಗಿನ ಸಿಬ್ಬಂದಿಯಾಗಲಿ, ಹೊರಗಿನಿಂದ ನುಗ್ಗಿದವರಾಗಲಿ, ಕಾನೂನಿನ ಆದೇಶ ಹಿಡಿದು ಬಂದವರಾಗಲಿ ಅದನ್ನು ಓದಲು ಸಾಧ್ಯ. ಕೀಲಿಕೈ ನಿಮ್ಮ ಸಾಧನದಲ್ಲೇ ತಯಾರಾಗಿ, ಸಂಸ್ಥೆಗೆ ಎಂದೂ ತಿಳಿಯದಂತೆ ಉಳಿದರೆ ಮಾತ್ರ ಅದು ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್.

ನಿಮ್ಮ ಸೇವೆ ಯಾವ ಬಗೆಯದೆಂದು ತಿಳಿಯಲು ಜಾಹೀರಾತು ಓದುವುದಕ್ಕಿಂತ ಒಂದು ಪರೀಕ್ಷೆ ಮಾಡುವುದು ಮೇಲು. ಹೊಸದೊಂದು ಖಾತೆ ತೆರೆದು ಕೆಲಸಕ್ಕೆ ಬಾರದ ಒಂದು ಕಡತವನ್ನು ಹಾಕಿ, ಹೊರಬಂದು, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬುದನ್ನು ಒತ್ತಿ. ಬೇರೊಂದು ಕಂಪ್ಯೂಟರಿನಲ್ಲಿ, ಇಮೇಲ್‌ಗೆ ಬಂದ ಲಿಂಕ್ ಒಂದರಿಂದಲೇ ಹೊಸ ಪಾಸ್‌ವರ್ಡ್ ಸಿಕ್ಕಿ ಹಳೆಯ ಕಡತವೂ ತೆರೆದುಕೊಂಡರೆ, ಕೀಲಿಕೈ ಸಂಸ್ಥೆಯ ಬಳಿ ಇದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ನಿಮ್ಮ ಮುಖ್ಯ ಖಾತೆಯಲ್ಲಿ ಖಂಡಿತ ಮಾಡಬೇಡಿ. ಸೇವೆ ನಿಜಕ್ಕೂ ಎಂಡ್-ಟು-ಎಂಡ್ ಆಗಿದ್ದರೆ ಎಲ್ಲ ಕಡತಗಳನ್ನೂ ಕಳೆದುಕೊಳ್ಳಬಹುದು.

ಸಂಸ್ಥೆಯೇ ಇಂಥ ರಕ್ಷಣೆಯನ್ನು ಕೊಟ್ಟಾಗಲೂ ಅದರ ಮಿತಿಯನ್ನು ನೋಡಿಕೊಳ್ಳಬೇಕು. ಆ್ಯಪಲ್ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಐಕ್ಲೌಡ್‌ನ ಫೋಟೊ, ಟಿಪ್ಪಣಿ ಮತ್ತು ಕಡತಗಳನ್ನು ಒಳಗೊಳ್ಳುತ್ತದೆಯಾದರೂ ಮೇಲ್, ಸಂಪರ್ಕಗಳು ಮತ್ತು ಕ್ಯಾಲೆಂಡರ್ ಅದರ ಹೊರಗಿವೆ. ಅದನ್ನು ನೀವೇ ಆನ್ ಮಾಡಬೇಕು. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಬಳಕೆದಾರರಿಗೆ ಆ ಸೌಲಭ್ಯವನ್ನು ಹಿಂತೆಗೆದುಕೊಳ್ಳಲಾಯಿತು. ಇನ್ನು ‘ಎಂಡ್-ಟು-ಎಂಡ್’ ಎಂಬ ಹೆಸರಿನಲ್ಲೇ ನಡೆಯುವ ಸೇವೆಗಳೂ ದೋಷಮುಕ್ತವಲ್ಲ: ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಮೆಗಾ ಎಂಬ ಕ್ಲೌಡ್ ಸೇವೆಯಲ್ಲಿಯೂ 2024ರಲ್ಲಿ ಇನ್ನೂ ಐದು ಸೇವೆಗಳಲ್ಲಿಯೂ ಗೂಢಲಿಪಿಯ ವಿನ್ಯಾಸದ ಲೋಪಗಳನ್ನು ತೋರಿಸಿದರು.

ಆದ್ದರಿಂದ ಯಾವ ಸಂಸ್ಥೆಯನ್ನು ನಂಬಬೇಕೆಂದು ತಲೆಕೆಡಿಸಿಕೊಳ್ಳುವ ಬದಲು, ಕಡತವನ್ನು ಮನೆಯಲ್ಲೇ ಬೀಗ ಹಾಕಿ ಕಳುಹಿಸುವ ದಾರಿಯೇ ನನಗೆ ಹೆಚ್ಚು ಒಪ್ಪಿಗೆ. ಇದಕ್ಕೆ ವೆರಾಕ್ರಿಪ್ಟ್ ಎಂಬ ತಂತ್ರಾಂಶ ಇದೆ. ಆದರೆ ಅದು ಎಲ್ಲವನ್ನೂ ಒಂದೇ ದೊಡ್ಡ ಕಡತದೊಳಗೆ ತುಂಬುವುದರಿಂದ, ಒಂದು ಸಾಲು ತಿದ್ದಿದರೂ ಕೆಲವು ಸೇವೆಗಳು ಇಡೀ ಕಡತವನ್ನು ಮತ್ತೆ ಕಳುಹಿಸಲು ತೊಡಗುತ್ತವೆ. ಕ್ರಿಪ್ಟೊಮೇಟರ್ ಎಂಬ ಇನ್ನೊಂದು ತಂತ್ರಾಂಶ ಒಂದೊಂದು ಕಡತವನ್ನೂ ಬೇರೆಬೇರೆಯಾಗಿ 256 ಬಿಟ್‌ನ ಎಇಎಸ್ ವಿಧಾನದಲ್ಲಿ ಗೂಢಲಿಪಿಗೆ ತಿರುಗಿಸುವುದರಿಂದ ಕ್ಲೌಡ್‌ಗೆ ಅದೇ ಹೊಂದುತ್ತದೆ. ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ.

ಬಳಸುವ ಕ್ರಮ ಸುಲಭ. ಕ್ಲೌಡ್ ಆಪ್ ಸಿಂಕ್ ಮಾಡುವ (ಅಂದರೆ ಸರ್ವರ್‌ನೊಂದಿಗೆ ತಾನಾಗಿ ಸರಿಹೊಂದಿಸುವ) ಫೋಲ್ಡರಿನೊಳಗೆ, ಕ್ರಿಪ್ಟೊಮೇಟರಿನಿಂದ ಹೊಸ ‘ವಾಲ್ಟ್’ (ಬೀಗ ಹಾಕಿದ ಫೋಲ್ಡರ್) ಒಂದನ್ನು ರಚಿಸಿ, ಪಾಸ್‌ವರ್ಡ್ ಕೊಟ್ಟು, ರಿಕವರಿ ಕೀ (ಪಾಸ್‌ವರ್ಡ್ ಮರೆತರೆ ನೆರವಾಗುವ ಬದಲಿ ಕೀಲಿ) ಬೇಕೆಂಬ ಆಯ್ಕೆಯನ್ನು ಗುರುತಿಸಿ. ವಾಲ್ಟ್ ತೆರೆದಾಗ ಕಂಪ್ಯೂಟರಿನಲ್ಲಿ ಹೊಸ ಡ್ರೈವ್ ಒಂದು ಕಾಣಿಸಿಕೊಳ್ಳುತ್ತದೆ. ಕಡತಗಳನ್ನು ಹಾಕಬೇಕಾದದ್ದು ಆ ಡ್ರೈವ್‌ನಲ್ಲಿ, ಸಿಂಕ್ ಫೋಲ್ಡರಿನಲ್ಲಿ ನೇರವಾಗಿ ಅಲ್ಲ. ಹೊಸಬರು ಎಡವುವುದು ಇಲ್ಲಿಯೇ. ಅನುಮಾನವಿದ್ದರೆ ಬ್ರೌಸರಿನಲ್ಲಿ ಕ್ಲೌಡ್ ಖಾತೆಯನ್ನು ತೆರೆದು ನೋಡಿ: ‘ಡಿ’ (d) ಎಂಬ ಫೋಲ್ಡರು, ಅದರೊಳಗೆ ಎರಡೆರಡು ಅಕ್ಷರದ ಫೋಲ್ಡರುಗಳು, ಅವುಗಳ ಒಳಗೆ ಅರ್ಥವಿಲ್ಲದ ಉದ್ದನೆಯ ಹೆಸರುಗಳ ಕೊನೆಗೆ ‘.ಸಿ9ಆರ್’ (.c9r) ಎಂಬ ಬಾಲ ಕಂಡರೆ ಎಲ್ಲವೂ ಸರಿಯಾಗಿದೆ. ನಿಮ್ಮ ಕಡತದ ಹೆಸರು ಹಾಗೆಯೇ ಓದಲು ಸಿಕ್ಕರೆ ಅದು ವಾಲ್ಟ್‌ನ ಹೊರಗೆ ಬಿದ್ದಿದೆ.

ಇಷ್ಟಾದರೂ ಮುಚ್ಚಿಡಲಾಗದ ಸಂಗತಿಗಳು ಉಳಿಯುತ್ತವೆ. ಎಷ್ಟು ಕಡತಗಳಿವೆ, ಒಂದೊಂದರ ಗಾತ್ರ ಎಷ್ಟು, ಯಾವಾಗ ಬದಲಾಯಿತು ಎಂಬುದು ಸಂಸ್ಥೆಗೆ ಕಾಣುತ್ತದೆ; ಖಾತೆಯ ಇಮೇಲ್ ಮತ್ತು ನೀವು ಸಂಪರ್ಕಿಸಿದ ಐಪಿ ವಿಳಾಸವೂ ಅವರಿಗೆ ಗೊತ್ತಿರುತ್ತದೆ. ಈ ಮೊದಲು ಬೀಗವಿಲ್ಲದೆ ಹಾಕಿದ್ದ ಕಡತಗಳನ್ನು ವಾಲ್ಟ್‌ಗೆ ಸಾಗಿಸಿದಾಗ ಅವುಗಳ ಹಳೆಯ ಪ್ರತಿಗಳು ಕಸದಬುಟ್ಟಿಯಲ್ಲಿಯೂ ಆವೃತ್ತಿಗಳ ಇತಿಹಾಸದಲ್ಲಿಯೂ ಉಳಿದಿರುತ್ತವೆ, ಅವನ್ನೂ ಅಳಿಸಬೇಕು. ಬಯಲಲ್ಲಿದ್ದ ಕಡತದಲ್ಲಿ ಪಾಸ್‌ವರ್ಡ್‌ಗಳಿದ್ದರೆ ಅಳಿಸಿದ್ದು ಸಾಲದು, ಅವನ್ನು ಬದಲಿಸಿಯೇ ತೀರಬೇಕು. ನಿಮ್ಮ ಕಂಪ್ಯೂಟರಿನ ಡಿಸ್ಕಿಗೂ ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಮ್ಯಾಕ್‌ನ ಫೈಲ್‌ವಾಲ್ಟ್‌ನಂಥ ರಕ್ಷಣೆ ಇರಲಿ, ಏಕೆಂದರೆ ತೆರೆದ ಕಡತಗಳ ತಾತ್ಕಾಲಿಕ ಪ್ರತಿಗಳು ಅಲ್ಲಿ ಬೀಳುತ್ತವೆ.

ಪಾಸ್‌ವರ್ಡಿಗೆ ಡೈಸ್‌ವೇರ್ ವಿಧಾನ ಒಳ್ಳೆಯದು: ದಾಳವನ್ನು ಐದು ಸಲ ಉರುಳಿಸಿ, 7,776 ಪದಗಳ ಪಟ್ಟಿಯಿಂದ ಒಂದು ಪದವನ್ನು ಆರಿಸಬೇಕು, ಹೀಗೆ ಆರು ಪದಗಳಾದರೆ ಸುಮಾರು 77 ಬಿಟ್‌ಗಳ ಬಲ (ಅಂದರೆ 2ನ್ನು 77 ಸಲ ಗುಣಿಸಿದಷ್ಟು ಸಾಧ್ಯತೆಗಳು) ಸಿಗುತ್ತದೆ. ಪದಗಳನ್ನು ನೀವೇ ಮನಸ್ಸಿಗೆ ಬಂದಂತೆ ಆರಿಸಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಕ್ಲೌಡ್ ಖಾತೆಗೆ ಬೇರೆಯೇ ಪಾಸ್‌ವರ್ಡ್ ಇರಲಿ, ಎರಡು ಹಂತದ ದೃಢೀಕರಣವೂ ಇರಲಿ. ಖಾತೆಗೆ ನುಗ್ಗಿದವನಿಗೆ ನಿಮ್ಮ ವಾಲ್ಟನ್ನು ಓದಲಾಗದಿದ್ದರೂ ಅಳಿಸಿಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುವುದೇ ಸಿಂಕ್‌ನ ಕೆಲಸವಾದ್ದರಿಂದ ಅದನ್ನು ಬ್ಯಾಕಪ್ ಎಂದು ಭಾವಿಸಬೇಡಿ. ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇರಲೇಬೇಕು.

ಕಡತವನ್ನು ಲಿಂಕ್ ಮೂಲಕ ಹಂಚುವಾಗ, ಕೆಲವು ಸೇವೆಗಳಲ್ಲಿ ‘#’ ಚಿಹ್ನೆಯ ನಂತರದ ಭಾಗವೇ ಕೀಲಿಕೈ ಎಂಬುದು ನೆನಪಿರಲಿ. ಬ್ರೌಸರ್ ಆ ಭಾಗವನ್ನು ಸರ್ವರ್‌ಗೆ ಕಳುಹಿಸುವುದಿಲ್ಲ, ಆದರೆ ಪೂರ್ಣ ಲಿಂಕ್ ಯಾರ ಕೈಗೆ ಸಿಕ್ಕಿದರೂ ಅವರು ಕಡತವನ್ನು ತೆರೆಯಬಹುದು. ಲಿಂಕ್‌ಗೆ ಪಾಸ್‌ವರ್ಡ್ ಹಾಕಿದ್ದರೆ, ಲಿಂಕನ್ನು ಒಂದು ದಾರಿಯಲ್ಲಿಯೂ ಪಾಸ್‌ವರ್ಡನ್ನು ಇನ್ನೊಂದು ದಾರಿಯಲ್ಲಿಯೂ ಕಳುಹಿಸಿ.

ಕೊನೆಯದಾಗಿ ರಿಕವರಿ ಕೀ. ಕ್ರಿಪ್ಟೊಮೇಟರ್ ಕೊಡುವ ಕೀ 44 ಇಂಗ್ಲಿಷ್ ಪದಗಳ ಸಾಲು. ಅದನ್ನು ಕಾಗದದ ಮೇಲೆ ಬರೆದು ಕಂಪ್ಯೂಟರಿನಿಂದ ದೂರ ಇಡಬೇಕು. ನಾನು ಮೊದಲ ಸಲ ಅವಸರದಲ್ಲಿ ಬರೆದಿಟ್ಟು, ತಿಂಗಳುಗಳ ಬಳಿಕ ತೆಗೆದು ನೋಡಿದಾಗ ಎಣಿಸಿದರೆ ಇದ್ದದ್ದು 43 ಪದ. ಆಗ ವಾಲ್ಟಿನ ಪಾಸ್‌ವರ್ಡ್ ನೆನಪಿತ್ತಾದ್ದರಿಂದ ಬದುಕಿಕೊಂಡೆ, ಇಲ್ಲದಿದ್ದರೆ ಯಾರನ್ನೂ ಕೇಳುವಂತಿರಲಿಲ್ಲ. ಆದ್ದರಿಂದ ಬರೆದ ದಿನವೇ, ಪಾಸ್‌ವರ್ಡ್ ಮುಟ್ಟದೆ, ಆ ಕಾಗದವೊಂದನ್ನೇ ನೋಡಿಕೊಂಡು ಹೊಸ ಪಾಸ್‌ವರ್ಡ್ ಹೊಂದಿಸಿ, ಒಂದು ಕಡತವನ್ನು ತೆರೆದು ನೋಡಿ. ಅದು ತೆರೆದ ಮೇಲೆಯೇ ಕ್ಲೌಡ್‌ನಲ್ಲಿ ಬೀಗವಿಲ್ಲದೆ ಉಳಿದ ಮೂಲ ಪ್ರತಿಗಳನ್ನು ಅಳಿಸಿ.